ಒಗ್ಗರಣೆಗೆ ಮುಂಚೆ ಮೂರು ಪ್ರಶ್ನೆ

ಊರಿನ ಅತ್ತೆಯರೆಲ್ಲ ಸೊಸೆಗೆ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಬೈದರೆ, ನಮ್ಮತ್ತೆ ಬೈಯುವ ರೀತಿಯೇ ಬೇರೆ. "ಉಪ್ಪು ನೀರಾಗ ಕರಗಿದ್ದು ಭೌತ ಬದಲಾವಣಿಯೋ, ರಾಸಾಯನಿಕ ಬದಲಾವಣಿಯೋ? ಹೇಳಿ ಆಮ್ಯಾಲ ಉಣ್ಣು!" ಇಂಥ ಇನ್ನೊಬ್ಬ ಅತ್ತೆಯನ್ನು ಬಳ್ಳಾರಿ ಕಂಟೋನ್ಮೆಂಟಿನಲ್ಲಿ ತೋರಿಸಿಬಿಡಿ ನೋಡೋಣ!

ತಪ್ಪು ನನ್ನದೇ. ಆರರಿಂದ ಎಂಟನೇ ತರಗತಿಗೆ ಟೀಚರ್ ಆಗಬೇಕೆಂದರೆ ಟಿಇಟಿ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ಗಣಿತ ಕೈ ಹಿಡಿಯುತ್ತಿತ್ತು, ವಿಜ್ಞಾನ ಕೈ ಕೊಡುತ್ತಿತ್ತು. ಸಾಕಪ್ಪಾ ಸಾಕು ಎಂದು ಪುಸ್ತಕಗಳನ್ನು ರದ್ದಿಗೆ ಕಟ್ಟಿಟ್ಟ ದಿನವೇ ಅತ್ತೆ ಗಂಟು ಬಿಚ್ಚಿ, ಕನ್ನಡಕ ಏರಿಸಿ ಕೂತರು. ಅಂದಿನಿಂದ ಮನೆಯಲ್ಲಿ ಹೊಸ ಕಾಯಿದೆ: ಒಗ್ಗರಣೆಗೆ ಮುಂಚೆ ಮೂರು ಪ್ರಶ್ನೆ. ಭೂಮಿಯದೊಂದು, ಭೌತದ್ದೊಂದು, ಜೀವದ್ದೊಂದು. ಮೂರಕ್ಕೂ ಸರಿಯುತ್ತರ ಬರುವ ತನಕ ಸಾಸಿವೆ ಡಬ್ಬಿ ಅತ್ತೆಯ ಮಡಿಲಲ್ಲೇ! ಮೊದಲ ವಾರವಿಡೀ ನಾವು ಒಗ್ಗರಣೆಯಿಲ್ಲದ ಸಾರು ಉಂಡೆವು.

ಋತುಗಳ ಪಾಠ ಬಂದ ದಿನ ಅತ್ತೆ ಪುಸ್ತಕದ ಮೇಲೇ ಜಗಳ ತೆಗೆದರು. "ಭೂಮಿ ವಾಲ್ಕೊಂಡು ತಿರಗತೈತಿ, ಅದಕ್ಕ ಋತು ಬದಲಾಗ್ತಾವ ಅಂತ ಬರದಾರ. ಬಳ್ಳಾರ್ಯಾಗ ಬ್ಯಾಸಗಿ, ಕಡುಬ್ಯಾಸಗಿ ಎರಡ ಅದಾವಲ್ಲ! ಇಲ್ಲಿ ಯಾಕ ವಾಲಿಲ್ಲ?" ಉತ್ತರ ಗೊತ್ತಿದ್ದರೂ ಆ ಸೆಕೆಯಲ್ಲಿ ಹೇಳುವವರು ಯಾರು?

ಬ್ರೂಸ್‌ಪೇಟೆಯ ತರಕಾರಿಯವನನ್ನೂ ಅವರು ಬಿಡಲಿಲ್ಲ. "ಆಲೂಗಡ್ಡಿ ಬೇರೋ, ಕಾಂಡಾನೋ?"

"ಗಡ್ಡಿ ರೀ ಅಮ್ಮಾ!"

ಮೈಮೇಲೆ ಕಣ್ಣುಗಳಿರುತ್ತವೆ, ಕಣ್ಣಿನಿಂದ ಮೊಳಕೆ ಬರುತ್ತದೆ, ಆದ್ದರಿಂದ ಅದು ಕಾಂಡ ಎಂದು ಅತ್ತೆ ಹತ್ತು ನಿಮಿಷ ಪಾಠ ಮಾಡಿದರು. ಹಿಂದೆ ಗಿರಾಕಿಗಳ ಸಾಲೇ ನಿಂತಿತ್ತು. ಮುಂದಿನ ವಾರ ನಮ್ಮನ್ನು ದೂರದಿಂದ ಕಂಡವನೇ ಕೂಗಿದ: "ಬರ್ರಿ ಅಮ್ಮಾ, ಬರ್ರಿ! ತಾಜಾ ಕಾಂಡ ಬಂದಾವು!"

ಇನ್ನು ಬಿಳಿ ಅಂಗಿಯ ಕಥೆ. ಕುರುಗೋಡಿನಲ್ಲಿ ಯಾರದೋ ನಿಶ್ಚಿತಾರ್ಥಕ್ಕೆ ಹೊರಟ ನನ್ನ ಗಂಡನ ಅಂಗಿಗೆ ಸಾರು ಚೆಲ್ಲಿತು. ನಾನು ಗಾಬರಿಯಿಂದ ಸೋಪು ಹಚ್ಚಿ ಉಜ್ಜಿದೆ. ಹಳದಿ ಕಲೆ ಕೆಂಪಾಯಿತು! ನಾನು ತಲೆ ಮೇಲೆ ಕೈ ಹೊತ್ತರೆ, ಅತ್ತೆ ಚಪ್ಪಾಳೆ ತಟ್ಟುತ್ತಾ ಓಡಿ ಬಂದರು. "ನೋಡವಾ ನೋಡು! ಸೋಪು ಪ್ರತ್ಯಾಮ್ಲ, ಅದಕ್ಕ ಅರಿಷಿಣ ಕೆಂಪಾತು!"

"ಅವ್ವಾ, ನನ್ನ ಅಂಗಿ ಹೋತು!"

"ಅಂಗಿ ಹೋದ್ರ ಹೋಗ್ಲಿ ಬಿಡಲೇ, ಉತ್ತರ ಬಂತಲ್ಲ!"

ನಂಬಿದರೆ ನಂಬಿ, ಮೂರನೇ ಸಲ ಬರೆದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು! ಕೆಂಪು ಕಲೆ ಹೊತ್ತು ನಿಂತ ಗಂಡ ಕಣ್ಣಮುಂದೆ ಬಂದು, ಪರೀಕ್ಷಾ ಕೊಠಡಿಯಲ್ಲೇ ಕಿಸಕ್ಕನೆ ನಕ್ಕುಬಿಟ್ಟೆ.

ಪಾಸಾದೆ! ಅತ್ತೆ ನನ್ನ ಬಾಯಿಗೆ ಹಿಡಿಯಷ್ಟು ಸಕ್ಕರೆ ಸುರಿದರು. ಅಂದು ಒಂದೂ ಪ್ರಶ್ನೆಯಿಲ್ಲದೆ ಒಗ್ಗರಣೆ ಬಿತ್ತು.

ಸಂಜೆ ಪುಸ್ತಕಗಳನ್ನು ಯಾರಿಗಾದರೂ ಕೊಡೋಣವೆಂದು ಮತ್ತೆ ಗಂಟು ಕಟ್ಟುತ್ತಿದ್ದೆ. ಅತ್ತೆ ಬಂದು ಹಗ್ಗ ಹಿಡಿದುಕೊಂಡರು.

"ಕೊಡಬ್ಯಾಡವಾ." ದನಿ ಎಂದಿನಂತಿರಲಿಲ್ಲ. "ಸಿರುಗುಪ್ಪದಾಗ ಆರನೇ ಕ್ಲಾಸಿಗೆ ನನ್ನ ಸಾಲಿ ಬಿಡಿಸಿದ್ರು. ವಿಜ್ಞಾನದ ಪುಸ್ತಕ ಅರ್ಧಕ್ಕ ಉಳೀತು. ನಿನ್ನ ಪರೀಕ್ಷಿ ಏನೋ ಮುಗೀತು. ನಂದು ಯಾವಾಗ?"

ಇಷ್ಟು ದಿನ ಅತ್ತೆ ನನ್ನನ್ನು ಓದಿಸುತ್ತಿದ್ದಾರೆ ಅಂದುಕೊಂಡಿದ್ದೆನಲ್ಲ! ನನಗೆ ನಾಚಿಕೆಯಾಯಿತು, ಅಳುವೂ ಬಂತು. ಗಂಟು ಬಿಚ್ಚಿ, ಆರನೇ ತರಗತಿಯ ಪುಸ್ತಕ ತೆಗೆದು ಅಡುಗೆಮನೆಯಲ್ಲೇ ಕೂತೆ. ಪಾಠಕ್ಕೆ ಮುಂಚೆ ಹಾಜರಿ ತೆಗೆದುಕೊಳ್ಳಬೇಕಲ್ಲ? ಮನೆಗೆ ಬಂದಾಗಿನಿಂದ ಯಾವತ್ತೂ ಬಾಯಿಬಿಟ್ಟು ಹೇಳದ ಅತ್ತೆಯ ಹೆಸರನ್ನು ಮೊದಲ ಸಲ ಕೂಗಿದೆ.

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಹಾಜರ್ ಅದೀನ್ರಿ, ಟೀಚರ್."