ಅತ್ತೆಯ ಜಡೆಗೆ ಗಾಳಿ ತಾಗಬಾರದು

ನಮ್ಮ ಅತ್ತೆ ಬಸ್ ಕಂಡಕ್ಟರ್ ಎಂದು ನಂಬಿಕೊಂಡು ಸರ್ಕಾರ ತಿಂಗಳು ತಿಂಗಳು ಸಂಬಳ ಕೊಡುತ್ತಿದೆ. ಪಾಪ, ಅದಕ್ಕೇನು ಗೊತ್ತು! ಅವರ ನಿಜವಾದ ಉದ್ಯೋಗ ತಮ್ಮ ಜಡೆ ಕಾಯುವುದು. ಕೈ ಬಿಡುವಾದಾಗ ಒಂದಿಷ್ಟು ಟಿಕೆಟ್ ಹರಿಯುತ್ತಾರೆ, ಅಷ್ಟೇ.

ಅತ್ತೆ ಅಂದರೆ ಅಪ್ಪನ ಅಕ್ಕ. ವಯಸ್ಸು ಐವತ್ತೆರಡು. ಮಾನ್ವಿಯ ನಮ್ಮ ಮನೆಯಲ್ಲಿ ತಮ್ಮ ತಾಯಿಯ ಜೊತೆ, ಅಂದರೆ ನನ್ನ ಅಜ್ಜಿಯ ಜೊತೆ, ಒಂದೇ ಕೋಣೆಯಲ್ಲಿ ಇರುತ್ತಾರೆ. ಜಡೆ ಮೊಣಕಾಲಿಗೆ ನಾಲ್ಕು ಬೆರಳು ಕಡಿಮೆ. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಅದನ್ನು ಸುತ್ತಿ ಗಂಟು ಹಾಕಿ, ಮೇಲೊಂದು ಹಳೆಯ ರೇಷ್ಮೆ ಸೀರೆಯ ತುಂಡು, ಅದರ ಮೇಲೊಂದು ದಪ್ಪ ಬಟ್ಟೆ ಕಟ್ಟುತ್ತಾರೆ. ಒಳಗೆ ರೇಷ್ಮೆಯೇ ಯಾಕೆ? “ಹತ್ತಿ ಬಟ್ಟಿ ಕೂದಲಾ ತಿಕ್ತದ, ರೇಷ್ಮಿ ಜಾರ್ತದ” ಎಂಬುದು ಅವರ ವಿಜ್ಞಾನ. ದೂರದಿಂದ ನೋಡಿದರೆ ಯಾರೋ ಬುತ್ತಿಗಂಟು ಹೊತ್ತುಕೊಂಡೇ ಟಿಕೆಟ್ ಕೊಡುತ್ತಿದ್ದಾರೆ ಅನ್ನಿಸಬೇಕು!

ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಬಸ್ಸಿನ ಕಿಟಕಿ ಮುಚ್ಚಿಸುವ ಕಂಡಕ್ಟರನ್ನು ನೀವು ನೋಡಿದ್ದೀರಾ? ನೋಡಬೇಕೆಂದರೆ ಅತ್ತೆ ಇರುವ ದೇವದುರ್ಗದ ಬಸ್ ಹತ್ತಿ.

“ಖಿಡಕಿ ಹಾಕ್ರೀ ಯಪ್ಪಾ!”

“ಯವ್ವಾ, ಉಸಿರು ಕಟ್ಟಾಕತ್ತದ!”

“ದೇವದುರ್ಗದಾಗ ಇಳದು ಬಿಡ್ರಿ ಉಸಿರು. ಅದು ವಾಪಸ್ ಬರ್ತದ. ಈ ಧೂಳಿಗೆ ಹ್ವಾದ ಕೂದಲಾ ಯಾರು ತಂದು ಕೊಡ್ತಾರ?”

ಹೆಂಗಸರಿಗೆ ಬಸ್ ಪುಕ್ಕಟೆಯಾದ ಮೇಲಂತೂ ಅತ್ತೆಯ ಉಪದೇಶವೂ ಪುಕ್ಕಟೆ. ಕಾಲೇಜಿನ ಹುಡುಗಿಯೊಬ್ಬಳು ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲೇ ಓಡಿ ಬಂದು ಹತ್ತಿದಳೆನ್ನಿ, ಮುಗಿಯಿತು ಅವಳ ಕಥೆ. “ಒದ್ದಿ ಕೂದಲಕ್ಕ ಬಾಚಣಿಕಿ ಹಾಕೀಯೇನವ್ವಾ? ಒದ್ದಿದ್ದಾಗ ಅವು ಹಸಗೂಸು ಇದ್ದಂಗ, ಎಳೀಬಾರ್ದು. ಮತ್ತ ಇದೇನು ಇಷ್ಟು ಬಿಗಿ ಜುಟ್ಟು? ಹಣಿ ಹಿಂದಕ್ಕ ಹೊಂಟದ ನೋಡು!” ಹುಡುಗಿ ಗಾಬರಿಯಿಂದ ತನ್ನ ಹಣೆ ಮುಟ್ಟಿ ನೋಡಿಕೊಳ್ಳುತ್ತಾಳೆ. ಮುಂದಿನಿಂದ ಡ್ರೈವರ್ ಕೂಗುತ್ತಾನೆ: “ಅಕ್ಕಾರ, ಪಾಠ ಮುಗದಿದ್ರ ಸೀಟಿ ಊದ್ರಿ, ಹೋಗೂಣು!”

ಇದನ್ನೆಲ್ಲ ನಾನು ಅತ್ತೆಯದೇ ಧ್ವನಿಯಲ್ಲಿ, ಅತ್ತೆಯದೇ ಸೀಟಿಯೊಂದಿಗೆ, ಬೀಗರ ಮನೆಗಳಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತೇನೆ. ಊರಿನವರನ್ನೆಲ್ಲ ಅಣಕಿಸುವುದು ನನಗಿರುವ ಒಂದೇ ವಿದ್ಯೆ. ಡಿಗ್ರಿ ಎರಡನೆಯದು, ಅದು ಇನ್ನೂ ಬಂದಿಲ್ಲ.

ನನ್ನ ತಲೆಯ ಸುದ್ದಿಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ರಾಯಚೂರಿಗೆ ಹೋಗಿ ಗುಂಗುರು ಕೂದಲನ್ನು ಮಷೀನಿನಲ್ಲಿ ಸುಟ್ಟು ನೆಟ್ಟಗೆ ಮಾಡಿಸಿ, ತಾಮ್ರದ ಬಣ್ಣ ಬಳಿಸಿಕೊಂಡು, ಹೀರೋನಂತೆ, ಅಂದು ರಾಯಚೂರು ರೂಟಿನಲ್ಲಿದ್ದ ಅತ್ತೆಯ ಬಸ್ಸನ್ನೇ ಹತ್ತಿದೆ. ಅತ್ತೆ ತುಂಬಿದ ಬಸ್ಸಿನಲ್ಲಿ ನನ್ನ ಕೂದಲನ್ನು ಎರಡು ಬೆರಳಿನಿಂದ ಹಿಡಿದು ನೋಡಿದರು.

“ಇದೇನಲೇ, ಜ್ವಾಳದ ಸೊಪ್ಪಿ ಇದ್ದಂಗ ಅದ! ಕೆಳಗಿಳದ ಮ್ಯಾಲೆ ದನದ ಮುಂದ ಹಾಯಬ್ಯಾಡ, ಮೇದುಬಿಡ್ತಾವ!”

ಮಾನ್ವಿ ಬರುವ ತನಕ ಬಸ್ಸು ನಕ್ಕಿತು.

ಇಂಥ ಅತ್ತೆಯ ಕೂದಲೇ ಹೋದ ವರ್ಷ ಉದುರತೊಡಗಿತು. ತಪ್ಪೆಲ್ಲ ನಮ್ಮ ಬೋರಿನ ಉಪ್ಪು ನೀರಿನದು ಎಂದು ತೀರ್ಪಾಯಿತು. ಅಂದಿನಿಂದ ಅತ್ತೆಯ ತಲೆಗೆ ಪ್ರತ್ಯೇಕ ಕಾಲುವೆ ನೀರು, ಎರಡು ಕೊಡ. ಅದನ್ನು ಹೊತ್ತು ತರುವ ಹೆಗಲು ಯಾರದೆಂದು ಬೇರೆ ಹೇಳಬೇಕೇ? ಕೊನೆಗೆ ರಾಯಚೂರಿನ ಡಾಕ್ಟರಿಗೂ ತೋರಿಸಿದೆವು. ಅವರದು ಪೂರ್ತಿ ಬೋಳುತಲೆ. “ಇಷ್ಟುದ್ದ ಯಾಕ್ ಬೇಕ್ರೀ ಈಗ? ಭುಜದ ತನ ಕತ್ತರಿಸಿಬಿಡ್ರಿ, ಬೇರಿಗೆ ಭಾರ ಆಗ್ತದ” ಎಂದರು.

“ಗುಳಿಗಿ ಎಷ್ಟರ ಬರೀರಿ ಸಾಹೇಬ್ರ, ಕತ್ರಿ ಒಂದು ಬರೀಬ್ಯಾಡ್ರಿ!” ಎಂದು ಅತ್ತೆ ಎದ್ದೇಬಿಟ್ಟರು.

ನನಗೆ ನಗು. ಆದರೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕುಡಿದು ಬಂದವರನ್ನು ನಡುದಾರಿಯಲ್ಲಿ ಇಳಿಸುವ ನಮ್ಮ ಅತ್ತೆ! ಈ ವಯಸ್ಸಿನಲ್ಲಿ ಕೂದಲಿಗಾಗಿ ಅಳುವುದೇ? ಆ ಅಳುವನ್ನು ಅಣಕಿಸಲು ಮಾತ್ರ ನನಗೆ ಮನಸ್ಸಾಗಲಿಲ್ಲ.

ಮೊನ್ನೆ ಬೇಸಿಗೆಯ ಒಂದು ಸಂಜೆ. ದಿನಾ ಡ್ಯೂಟಿ ಮುಗಿಸಿ ಬಂದ ಕೂಡಲೇ ಅತ್ತೆ ಕೋಣೆಯ ಬಾಗಿಲು ಮುಚ್ಚಿಕೊಂಡು ಅರ್ಧ ಗಂಟೆ ಹೊರಗೆ ಬರುವುದಿಲ್ಲ. ‘ಜಡೆಪೂಜೆ’ ಎಂದು ನಾನೇ ಅದಕ್ಕೆ ಹೆಸರಿಟ್ಟಿದ್ದೆ. ಪೂಜೆ ಮುಗಿದ ಮೇಲೆಯೇ ಅಜ್ಜಿಯ ಊಟ. ಅಂದು ಅತ್ತೆಯ ಬಸ್ಸು ನೀರಮಾನ್ವಿಯ ಆಚೆಗೇ ಪಂಕ್ಚರ್ ಆಗಿ ನಿಂತಿತ್ತು. ಅಜ್ಜಿ ಊಟಕ್ಕೆ ಬಾಯಿ ತೆರೆಯಲೊಲ್ಲಳು. ಅವಳಿಗೆ ಕಣ್ಣು ಕಾಣುವುದಿಲ್ಲ. ನೆನಪೂ ಹೋಗುತ್ತಿದೆ. ನಾನು ಅವಳಿಗೆ ಒಂದು ದಿನ ತಮ್ಮ, ಇನ್ನೊಂದು ದಿನ ಹಾಲಿನವ. “ಮಗಳು ಬರ್ಲಿ, ಮಗಳು ಬರ್ಲಿ” ಎಂದು ಒಂದೇ ಹಟ.

ನನ್ನ ಅವ್ವ ಗಂಜಿಯ ಬಟ್ಟಲನ್ನು ನನ್ನ ಕೈಗಿಟ್ಟಳು. “ನಿನ್ನ ಸುಡುಗಾಡು ವಿದ್ಯಾ ಇವತ್ತರ ಉಪಯೋಗಕ್ಕ ಬರ್ಲಿ, ಹೋಗು!”

ಹೋದೆ. “ಯವ್ವಾ, ಬಂದೆ ನೋಡು. ಗಂಜಿ ಕುಡಿ” ಎಂದೆ. ಧ್ವನಿ ಎಷ್ಟು ಪಕ್ಕಾ ಬಂತೆಂದರೆ ಅವ್ವ ಬಾಗಿಲಲ್ಲೇ ಬೆಚ್ಚಿದಳು. ಅಜ್ಜಿಯ ಮುಖ ಅರಳಿತು. “ಬಂದೀ ಮಗಳ? ಕೂಡು, ತಿರುಗಿ ಕೂಡು.”

ತಿರುಗಿ ಕೂತೆ. ಅಜ್ಜಿಯ ಕೈ ನನ್ನ ಕತ್ತಿನ ಹಿಂದೆ ಬಂತು. ಬೆನ್ನ ಮೇಲೆ ನಿಧಾನವಾಗಿ ಸೊಂಟದವರೆಗೂ ಇಳಿಯಿತು. ಮತ್ತೆ ಮೇಲೆ ಬಂತು, ಮತ್ತೆ ಹುಡುಕಿತು. ಕೊನೆಗೆ ನನ್ನ ಸೊಪ್ಪೆಗೂದಲನ್ನು ಮುಟ್ಟಿ ಚಕ್ಕನೆ ಹಿಂದೆ ಸರಿಯಿತು.

“ಜಡಿ ಎಲ್ಲದ? ನೀ ನನ್ನ ಮಗಳಲ್ಲ. ನನ್ನ ಮಗಳು ಎಲ್ಲದಾಳ?”

ಅಜ್ಜಿ ಕೂಸಿನಂತೆ ಅಳತೊಡಗಿದಳು. ನಾನು ಗಂಜಿಯ ಬಟ್ಟಲನ್ನು ನೆಲಕ್ಕಿಟ್ಟು ಪಕ್ಕಕ್ಕೆ ಸರಿದೆ.

ಅಷ್ಟರಲ್ಲಿ ಅತ್ತೆ ಬಂದರು. ನೀರು ಸಹ ಕೇಳಲಿಲ್ಲ. ದಪ್ಪ ಬಟ್ಟೆ ಬಿಚ್ಚಿದರು, ರೇಷ್ಮೆ ಬಿಚ್ಚಿದರು, ಜಡೆಯ ಗಂಟು ಸಡಿಲಿಸಿ ಅಜ್ಜಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತರು. ಅಜ್ಜಿಯ ಕೈಗೆ ಜಡೆ ಸಿಕ್ಕಿತು. ಅಳು ನಿಂತಿತು. ಬೆರಳುಗಳು ತಾವಾಗಿಯೇ ಜಡೆ ಬಿಚ್ಚಿ, ಮೂರು ಎಳೆ ಮಾಡಿ, ಮತ್ತೆ ಹೆಣೆಯತೊಡಗಿದವು.

“ಈಗ ಬಂದಿ ನೋಡು. ಯಾವನೋ ನಿನ್ನಂಗ ಮಾತಾಡಿದ. ಜಡಿ ಇರ್ಲಿಲ್ಲ ಅವಗ.”

ಅತ್ತೆ ನನ್ನ ಕಡೆ ನೋಡಿ ಮೆಲ್ಲಗೆ ಅಂದರು: “ನನ್ನ ಮಾರಿ ಮರ್ತಾಳ, ಹೆಸರು ಮರ್ತಾಳ. ಆಕಿ ಕೈಗೆ ಇದೊಂದು ಇನ್ನೂ ಗುರ್ತದ.”

ಮರುದಿನ ದೇವದುರ್ಗಕ್ಕೆ ಅತ್ತೆಯ ಬಸ್ಸಿನಲ್ಲೇ ಹೊರಟೆ. ಸೆಕೆ ತಾಳದೆ ಯಾರೋ ಕಿಟಕಿ ಸರಿಸಿದರು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಎದ್ದು ಅವರದೇ ಧ್ವನಿಯಲ್ಲಿ ಕೂಗಿದೆ: “ಖಿಡಕಿ ಹಾಕ್ರೀ ಯಪ್ಪಾ!”

ಬಸ್ಸೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಹತ್ತಿರ ಬಂದು ನನ್ನ ಟಿಕೆಟ್ ಹರಿದುಕೊಟ್ಟು, ನನ್ನ ತಾಮ್ರದ ಸೊಪ್ಪೆಯ ಮೇಲೆ ಒಮ್ಮೆ ಕೈಯಾಡಿಸಿದರು.

“ರವಿವಾರ ಎಲ್ಲೂ ಹೋಗಬ್ಯಾಡ, ಎಣ್ಣಿ ಹಚ್ತೀನಿ. ಸುಟ್ಟದ್ದು ಉದುರಿ ನಿನ್ನ ಗುಂಗುರು ಬರ್ಲಿ. ನಿಮ್ಮಜ್ಜಿ ಕೈಗೆ ನಿನ್ನ ತಲಿನೂ ಗುರ್ತ ಆಗ್ಲಿ.”