ಬೊಟ್ಟಿಲ್ಲದ ಕೀಲಿ

ನಮ್ಮ ದೊಡ್ಡಪ್ಪನಿಗೆ ಮನುಷ್ಯರ ಸಾವಿಗಿಂತ ಕಂಪ್ಯೂಟರ್ ಪ್ರೋಗ್ರಾಮುಗಳ ಸಾವೇ ಹೆಚ್ಚು ಸಂಕಟ ಕೊಡುತ್ತಿತ್ತು ಎಂದರೆ ನಂಬುತ್ತೀರಾ? ಹಳೇಕೋಟೆಯ ರಾಗಿ ಹೊಲದಿಂದ ಎದ್ದುಬಂದು ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವರು. ತೊಂಬತ್ತರ ದಶಕದ ಮಧ್ಯಾಹ್ನಗಳನ್ನೆಲ್ಲ ಕಪ್ಪು ಪರದೆಯ ಹಸಿರು ಅಕ್ಷರಗಳ ಮುಂದೆ ಅರೆಗಣ್ಣಲ್ಲಿ ತೇಲುತ್ತ ಕಳೆದರು.

ಓಡುವ ಪ್ರೋಗ್ರಾಮನ್ನು ನಿಲ್ಲಿಸಲು ಯಂತ್ರ ಅದಕ್ಕೊಂದು ಸಿಗ್ನಲ್ ಕಳಿಸುತ್ತದೆ. ಸಿಗ್ನಲ್ ಎಂದರೆ ಬರೀ ಒಂದು ಅಂಕಿ! ಅದರ ಅರ್ಥ ಹುಡುಕಿ ಪರದೆಯ ಮೇಲೆ ಮೂಡಿಸಲು ಇಂಗ್ಲಿಷಿನ ಒಣಮಾತುಗಳಿದ್ದವು. ದೊಡ್ಡಪ್ಪನಿಗೆ ಅವು ಸಾಲಲಿಲ್ಲ. ನನ್ನೊಡನೆ ಗೊಣಗಿದರು:

"ಸಾಯೋನ್ಗೆ ಯಾಕ್ ಸಾಯ್ತಿದ್ದೀಯ ಅಂತ ನೆಟ್ಟಗೆ ಏಳ್ಬೇಡ್ವೇನ್ಲಾ?"

ತಾವೇ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರ ಬಳಸಿ, ಒಂದೊಂದು ಅಂಕಿಗೂ ಅರ್ಥ ಬರೆದರು. ಹನ್ನೊಂದಕ್ಕೆ "ತನ್ನದಲ್ಲದ ಜಾಗಕ್ಕೆ ಕೈ ಹಾಕಿತು." ಹದಿಮೂರಕ್ಕೆ "ಕೇಳುವವರೇ ಎದ್ದು ಹೋದರು." ಗುರುತಿಲ್ಲದ ಅಂಕಿಗೆ "ತಿಳೀಲಿಲ್ಲ, ಕ್ಷಮಿಸು." ಕ್ಷಮೆ ಕೇಳುವ ಯಂತ್ರವನ್ನು ಎಲ್ಲಾದರೂ ಕಂಡಿದ್ದೀರಾ?

ಹುಚ್ಚು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಒಮ್ಮೆ ಹೊಳೆನರಸೀಪುರದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಕಂಡಕ್ಟರು ಸೀಟಿ ಊದಿದ. ಎಲ್ಲರೂ ಇಳಿದರೂ ದೊಡ್ಡಪ್ಪ ಏಳಲಿಲ್ಲ.

"ಬರೀ ಸೀಟಿ ಊದುದ್ರೆ ಎಂಗಪ್ಪಾ? ಅರ್ಥ ಏಳು."

"ಇಳ್ದು ತಳ್ಳಿ ಸಾ ಅಂತ ಅರ್ಥ!"

"ಅಂಗೆ ಏಳು ಮತ್ತೆ!" ಎಂದು ಇಳಿದು, ಎಲ್ಲರಿಗಿಂತ ಜೋರಾಗಿ ತಳ್ಳಿದರು.

ಆಮೇಲೊಂದು ವರ್ಷ ದೊಡ್ಡಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ದೊಡ್ಡಪ್ಪ ಕಂಪ್ಯೂಟರನ್ನು ಮಂಚದ ಪಕ್ಕಕ್ಕೇ ತಂದಿಟ್ಟರು. ದೊಡ್ಡಮ್ಮನ ಸ್ಟಿಕ್ಕರ್ ಬೊಟ್ಟುಗಳನ್ನೇ ಕೀಲಿಮಣೆಯ ಕೀಲಿಗಳಿಗೆ ಅಂಟಿಸಿದರು. ಕೆಂಪು ಬೊಟ್ಟು ಒತ್ತಿದರೆ ಒಂದು ಸಿಗ್ನಲ್ ಹೋಗಿ ಪರದೆಯಲ್ಲಿ "ನೀರು" ಎಂದು ಮೂಡುತ್ತಿತ್ತು. ಹಸಿರಿಗೆ "ಫ್ಯಾನು." ಹಳದಿಗೆ "ಮಗ್ಗುಲು ತಿರುಗಿಸಿ." ದೊಡ್ಡಪ್ಪ ಗಟ್ಟಿಯಾಗಿ ಓದಿ ಓಡುತ್ತಿದ್ದರು.

"ಅವಳ್ದು ಒಂದ್ ಮಾತೂ ನಂಗೆ ತಪ್ಪೋಗ್ಬಾರ್ದು ಕಣ್ಲಾ," ಅಂದರು ನನ್ನೊಡನೆ. ನನಗೆ ನಗು ಬರಲಿಲ್ಲ.

ಒಂದು ಮಧ್ಯಾಹ್ನ ದೊಡ್ಡಪ್ಪ ಗಂಜಿ ಕುಡಿಸುತ್ತಿದ್ದಾಗ ದೊಡ್ಡಮ್ಮ ಬೊಟ್ಟೇ ಇಲ್ಲದ ಕೀಲಿ ಒತ್ತಿದಳು. "ತಿಳೀಲಿಲ್ಲ, ಕ್ಷಮಿಸು" ಎಂದಿತು ಪರದೆ. ದೊಡ್ಡಪ್ಪ ನೀರು ತಂದರು, ಫ್ಯಾನು ಹಾಕಿದರು, ದಿಂಬು ಸರಿಸಿದರು. ಅವಳು ಮತ್ತೆ ಅದನ್ನೇ ಒತ್ತಿದಳು. "ಏನೇ? ಏನ್ ಬೇಕೇ?" ಎನ್ನುತ್ತ ಮನುಷ್ಯ ಅಳುವುದೊಂದು ಬಾಕಿ.

ದೊಡ್ಡಮ್ಮ ಎಡಗೈಯಲ್ಲಿ ಚಮಚ ಹಿಡಿದು, ಗಂಜಿ ಚೆಲ್ಲುತ್ತ, ಅವರ ಬಾಯಿಯ ಹತ್ತಿರ ಒಯ್ದಳು. ಬೆಳಿಗ್ಗೆಯಿಂದ ದೊಡ್ಡಪ್ಪ ಏನೂ ತಿಂದಿರಲಿಲ್ಲ.

ಮಾರನೆಯ ದಿನ ಆ ಕೀಲಿಗೂ ಒಂದು ಬೊಟ್ಟು ಬಂದಿತ್ತು. ದೊಡ್ಡಮ್ಮ ಒತ್ತಿದಳು. ಪರದೆಯಲ್ಲಿ ನಿಧಾನವಾಗಿ ಮೂಡಿತು: "ಉಂಡ್ರಾ?"

ಬಾಯ್ತುಂಬ ಮುದ್ದೆ ಇಟ್ಟುಕೊಂಡೇ ದೊಡ್ಡಪ್ಪ ಹೇಳಿದರು, "ಉಣ್ತಾ ಇವ್ನಿ ಕಣೇ."