ಅಲಖನೂರ ಕಾಕಾನ ಜೀಪಿಗೆ ಬಂಪರ್ ಕೂರಿಸಿದ್ದು

ಚಿಕ್ಕೋಡಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನಿಗೆ ಕಳ್ಳನೆಂಬ ಹೆಸರು ಕಳ್ಳತನ ಮಾಡದೆಯೇ ಸಿಗುತ್ತದೆ. ವಾರಕ್ಕೊಂದಾದರೂ ಇಂಥ ಪ್ರಸಂಗ ಆಗದಿದ್ದರೆ ನನಗೇ ಏನೋ ಕಳೆದುಕೊಂಡಂತೆ ಅನಿಸುತ್ತದೆ. ಜನರನ್ನು ನಾನು ತಪ್ಪು ತಿಳಿಯುವುದಿಲ್ಲ. ಇದು ಕಬ್ಬಿನ ಸೀಮೆ. ಕಬ್ಬು ತುಂಬಿದ ಟ್ರಾಲಿ ಕಾರ್ಖಾನೆಯ ತೂಕದ ಕಾಟಾದ ಮೇಲೆ ಹತ್ತಿದಾಗ ರೈತನಿಗೆ ತೂಕದ ಬಗ್ಗೆ ಹುಟ್ಟಿದ ಸಂಶಯ ಆತ ಸಾಯುವ ತನಕ ಹೋಗುವುದಿಲ್ಲ. ಅದನ್ನೇ ತಂದು ನಮ್ಮ ಅಂಗಡಿಯಲ್ಲಿ ಇಳಿಸುತ್ತಾರೆ, ಅಷ್ಟೇ.

ಆದರೆ ಅಲಖನೂರಿನಿಂದ ಬಂದ ಕಾಕಾನಂಥವರನ್ನು ನಾನು ಮತ್ತೆ ಕಂಡಿಲ್ಲ. ಅವರದೊಂದು ಹಳೇ ಫೋರ್ ವ್ಹೀಲ್ ಜೀಪು. ಮಳೆಗಾಲದಲ್ಲಿ ಕೆಸರಿನಲ್ಲಿ ಹೂತ ಟ್ರಾಲಿಗಳನ್ನು ಎಳೆದು ಎಳೆದು ಅದರ ಹಿಂದಿನ ಬಂಪರ್ ಕಿತ್ತುಹೋಗಿತ್ತು. ದಪ್ಪ ಪೈಪಿನದೊಂದು ಬಂಪರ್, ನಡುವೆ ಎಳೆಯಲಿಕ್ಕೆ ಕೊಕ್ಕೆ, ಇಷ್ಟು ಮಾಡಿ ಕೂರಿಸಬೇಕಿತ್ತು. ಟ್ರಾಲಿ ಮತ್ತು ಗೇಟು ಮಾಡಿಕೊಂಡಿದ್ದ ನನಗೆ ಇಂಥ ಕೆಲಸ ಅದೇ ಮೊದಲು. ಇದು ಚೆನ್ನಾಗಿ ಆದರೆ ರಾಯಬಾಗ ಕಡೆಯ ಜೀಪುಗಳೆಲ್ಲ ನನ್ನ ಅಂಗಡಿಗೆ ಬರುತ್ತವೆ ಎಂಬ ಆಸೆ ಇತ್ತು. ಕೆಟ್ಟರೆ ಇದ್ದ ಟ್ರಾಲಿಗಳೂ ಹೋಗುತ್ತವೆ ಎಂಬ ಹೆದರಿಕೆಯೂ ಇತ್ತು.

ಚುಂಬಕ

ಮೊದಲ ದಿನ ಕಾಕಾ ಬರೇ ವಿಚಾರಿಸಲಿಕ್ಕೆ ಬಂದರು. ನಾನು ತೋರಿಸಿದ ಪೈಪನ್ನು ಕಲ್ಲಂಗಡಿ ಹಣ್ಣಿನಂತೆ ಬಡಿದು, ಕಿವಿ ಹಚ್ಚಿ ಕೇಳಿದರು. ಆಮೇಲೆ ಕಿಸೆಯಿಂದ ಹಳೇ ಸ್ಪೀಕರಿನ ಚುಂಬಕವೊಂದನ್ನು ತೆಗೆದರು.

"ಇದ್ಯಾಕ್ರಿ ಕಾಕಾ?" ಎಂದೆ.

"ಕಬ್ಬಿಣ ಐತೋ ಇಲ್ಲೋ ನೋಡಾಕ."

"ಕಬ್ಬಿಣದ ಅಂಗಡ್ಯಾಗ ಕಬ್ಬಿಣ ಬಿಟ್ಟು ಬೆಲ್ಲ ಇರತೈತೇನ್ರಿ?"

"ಈಗಿನ ಕಾಲದಾಗ ಬೆಲ್ಲದಾಗೂ ಬೆಲ್ಲ ಇರೂದಿಲ್ಲ ಮಿಸ್ತ್ರಿ."

ಚುಂಬಕ ಪೈಪಿಗೆ ಟಪ್ಪೆಂದು ಅಂಟಿತು. ಕೀಳಬೇಕಾದರೆ ಕಾಕಾ ಎರಡೂ ಕೈ ಹಚ್ಚಬೇಕಾಯಿತು. ಇನ್ನಾದರೂ ಸಮಾಧಾನ ಆಗಿರಬೇಕು ಎಂದುಕೊಂಡೆ. ಅವರು ಪೈಪನ್ನು ಇನ್ನೊಮ್ಮೆ ಸವರಿ, ಬೆರಳು ಮೂಸಿ ನೋಡಿ ಕೇಳಿದರು: "ಇಷ್ಟು ಗಟ್ಟಿ ಹತ್ತಿತಲ್ಲ, ಏನ ಹಚ್ಚೀರಿ ಇದಕ್ಕ?"

ಕುರಿಯ ಗುರುತು

ಜೀಪು ತಂದುಬಿಟ್ಟ ದಿನ ಕಾಕಾನ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ ಇತ್ತು. ಅವರ ಮನೆಯಲ್ಲಿ ಕುರಿ ಸಾಕುತ್ತಾರೆ. ಬೇರೆಯವರ ಕುರಿಗಳಲ್ಲಿ ಬೆರೆತರೆ ಗುರುತು ಹತ್ತಲಿ ಎಂದು ಅವುಗಳ ಬೆನ್ನಿಗೆ ಒಂದೊಂದು ಮನೆಯವರು ಒಂದೊಂದು ಬಣ್ಣ ಹಚ್ಚುವುದು ಪದ್ಧತಿ. ಕಾಕಾ ಅದೇ ಬಣ್ಣವನ್ನು ಜೀಪಿನ ಟೈರು, ಲೈಟು, ಬ್ಯಾಟರಿ, ಬಾನೆಟ್ಟು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಬಳಿದರು.

"ಕಾಕಾ, ಇದು ಕುರಿ ಅಲ್ರಿ, ಜೀಪ ಐತಿ," ಎಂದ ನಮ್ಮ ವೆಲ್ಡರ್.

"ಕುರಿ ಆದ್ರ ಒದರತೈತಿ. ಬ್ಯಾಟ್ರಿ ಬದ್ಲಿ ಮಾಡಿದ್ರ ಜೀಪ ಒದರತೈತೇನು?"

ಸಂಜೆಗೆ ಕಾಕಾ ಮತ್ತೆ ಬಂದು ಗುರುತುಗಳನ್ನೆಲ್ಲ ಮುಟ್ಟಿ ನೋಡಿದರು. ಎಲ್ಲವೂ ಇದ್ದವು. ಹೊರಡುವಾಗ ನೋಡಿದರೆ ಕಬ್ಬಿಣ ಉಜ್ಜುವ ನಮ್ಮ ಗ್ರೈಂಡರ್ ಅವರ ಬಗಲಲ್ಲಿ. ಬಣ್ಣ ಹಸಿಯಿದ್ದ ಬಾನೆಟ್ಟಿನ ಮೇಲೆ ಇಟ್ಟಿದ್ದರಿಂದ ಅದಕ್ಕೂ ಬಣ್ಣ ಹತ್ತಿತ್ತು.

"ಅದು ನಮ್ಮದ್ರಿ ಕಾಕಾ."

"ಬಣ್ಣ ಯಾರ್ದು?"

"ಬಣ್ಣ ನಿಮ್ದ್ರಿ."

"ಮತ್ತ?"

ಸೀಮೆಎಣ್ಣೆಯಿಂದ ಬಣ್ಣ ಒರೆಸಿದ ಮೇಲೆಯೇ ಗ್ರೈಂಡರ್ ನಮ್ಮ ಕೈಗೆ ಬಂತು. ಆದರೆ ಬಾನೆಟ್ಟಿಗೆ ಒರಗಿ ನಿಂತಿದ್ದ ನಮ್ಮ ವೆಲ್ಡರನ ಪ್ಯಾಂಟಿನ ಹಿಂಭಾಗಕ್ಕೂ ಬಣ್ಣ ಹತ್ತಿತ್ತು. ಕಾಕಾ ಊರಿನ ಬಸ್ಸು ಹತ್ತುವ ತನಕ ಆತ ಗೋಡೆಗೆ ಬೆನ್ನು ಹಚ್ಚಿ ನಿಂತೇ ಇದ್ದ.

ಕಾವಲು

ಬೆಸುಗೆ ಹಾಕುವಾಗ ಬರಿಗಣ್ಣಿನಿಂದ ನೋಡಬೇಡಿ ಎಂದು ಬಡಿದುಕೊಂಡೆ. "ಅಂದ್ರ ನೋಡಬಾರದ್ದೇನೋ ಮಾಡ್ತೀರಿ," ಎಂದು ಕಾಕಾ ಅಲ್ಲೇ ಕೂತು ನೋಡಿದರು. ಮರುದಿನ ಕಣ್ಣು ಊದಿ, ನೀರು ಸುರಿದು, ಹೊರಗೆ ಬರಲಾಗದೆ ತಮ್ಮ ಹೆಂಡತಿಯ ತಮ್ಮನನ್ನು ಕಾವಲಿಗೆ ಕಳಿಸಿದರು. ಆತ ನಿಪ್ಪಾಣಿಯವನು, ಮಾತೆಲ್ಲ ಮರಾಠಿ. ಅವನ ಕಣ್ಣೂ ಹೋದರೆ ಆ ಅಪವಾದ ಬೇರೆ ಎಂದು ವೆಲ್ಡಿಂಗಿನ ಕಪ್ಪು ಗಾಜಿನ ಮುಖವಾಡ ಕೊಟ್ಟೆ. ಆತ ಅದನ್ನು ಹಾಕಿಕೊಂಡು ಬಂಪರಿನ ಎದುರು ಕೂತವನು ಅಲುಗಾಡಲಿಲ್ಲ. ನಮಗೋ, ಅವನು ನೋಡುತ್ತಿದ್ದಾನೆ ಎಂದು ಬೀಡಿ ಸೇದಲಿಕ್ಕೂ ಭಯ.

ಸಂಜೆ ಕಾಕಾ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಕೇಳಿದರು: "ಏನೇನ ಮಾಡಿದ್ರು?"

ಮುಖವಾಡದ ಒಳಗಿನಿಂದ ಗೊರಕೆ ಬಂತು. ನಾನು ಮೆಲ್ಲಗೆ ಅದನ್ನು ಎತ್ತಿದೆ. ಆತ ಬೆಚ್ಚಿಬಿದ್ದು, "ಸಗಳಂ ಬರೋಬರ ಆಹೆ, ದಾಜಿ," ಎಂದು ಹೇಳಿ ಮತ್ತೆ ಮುಖವಾಡ ಇಳಿಸಿಕೊಂಡ. ಎಲ್ಲಾ ಸರಿ ಇದೆ ಭಾವ ಎಂದು ಅವನ ವರದಿ. ಕಾಕಾ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಚಾದಾಗ ಏನ ಹಾಕಿ ಕೊಟ್ಟಿದ್ರಿ?"

ದಾರ

ಬಂಪರ್ ಕೂರಿಸುವ ದಿನ ಜಾಕಿನ ಮೇಲೆ ಅದನ್ನು ಎತ್ತಿ ಹಿಡಿದೆವು. ಎಡಗಡೆಯ ಬೋಲ್ಟುಗಳು ಸರಾಗವಾಗಿ ಹೋದವು. ಬಲಗಡೆಯ ತೂತುಗಳು ಮಾತ್ರ ಜೀಪಿನ ಅಡಿಚೌಕಟ್ಟಾದ ಚಾಸಿಯ ತೂತಿಗಿಂತ ಬೆರಳಷ್ಟು ಆಚೆ ನಿಂತವು.

"ಇದು ಮತ್ತ್ಯಾರದೋ ಜೀಪಿಂದು," ಎಂದರು ಕಾಕಾ. "ಅವ್ರು ಬ್ಯಾಡ ಅಂದದ್ದ ನನಗ ಕೂಡ್ರಸಾಕತ್ತೀರಿ."

ಜೀಪಿನ ಮುಂದಿನಿಂದ ಹಿಂದಿನ ತನಕ ದಾರ ಹಿಡಿದು ನೋಡಿದೆವು. ಟ್ರಾಲಿ ಎಳೆದು ಎಳೆದು ಚಾಸಿಯ ಬಾಲವೇ ಒಂದು ಮಗ್ಗುಲಿಗೆ ಬಾಗಿತ್ತು. ನನಗೆ ಹೋದ ಜೀವ ಬಂತು. "ಬಂಪರ್ ನೆಟ್ಟಗ ಐತ್ರಿ ಕಾಕಾ, ಗಾಡೀನ ಸೊಟ್ಟ ಐತಿ," ಎಂದೆ. ಕಾಕಾ ನೆಲಕ್ಕೆ ಕೂತು, ಒಂದು ಕಣ್ಣು ಮುಚ್ಚಿ, ದಾರದ ಗುಂಟ ಬಹಳ ಹೊತ್ತು ನೋಡಿದರು. ಎದ್ದು ಮೊಳಕಾಲು ಜಾಡಿಸಿಕೊಂಡರು.

"ಈ ದಾರ ಎಲ್ಲೆ ತಗೊಂಡ್ರಿ?"

ನಾವು ಬಂಪರಿನ ಬಲಗಡೆಯ ಪಟ್ಟಿಯ ತೂತು ಅಗಲಿಸಿ, ಸೊಟ್ಟ ಗಾಡಿಗೆ ತಕ್ಕಂತೆ ಬೋಲ್ಟು ಬಿಗಿದೆವು.

ಮುಗಳಖೋಡದ ಕಾಟಾ

ಕಬ್ಬಿಣದ ಕೆಲಸ ನಮ್ಮಲ್ಲಿ ಕಿಲೋ ಲೆಕ್ಕ. ನನ್ನ ತಕ್ಕಡಿಯಲ್ಲಿ ಬಂಪರ್ ತೂಗಿಸಿಕೊಳ್ಳಲು ಕಾಕಾ ಒಪ್ಪಿರಲಿಲ್ಲ. "ನಿಮ್ಮ ತಕ್ಕಡಿ ನಿಮ್ಮ ಮಾತ ಕೇಳತೈತಿ," ಎಂದಿದ್ದರು. ಜೀಪು ನನಗೆ ಕೊಡುವ ಹಿಂದಿನ ದಿನವೇ ಮುಗಳಖೋಡದಲ್ಲಿ ಲಾರಿ ತೂಗುವ ಕಾಟಾದ ಮೇಲೆ ಅದನ್ನು ತೂಗಿಸಿಟ್ಟಿದ್ದರು. ಬಂಪರ್ ಹಾಕಿದ ಮೇಲೆ ಅಲ್ಲೇ ಮತ್ತೆ ತೂಗುವುದು, ಹೆಚ್ಚಾದದ್ದೇ ಬಂಪರಿನ ತೂಕ ಎಂದು ಹಿಡಿಯುವುದು. ಯೋಚನೆ ಚಲೋ ಇತ್ತು. ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು.

ಕಾಟಾದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಡ್ರೈವರುಗಳಲ್ಲಿ ಅರ್ಧ ಜನ ನನ್ನ ಗಿರಾಕಿಗಳೇ. ಕಾಕಾ ಜೀಪು ಹತ್ತಿಸಿ ಕೆಳಗಿಳಿದರು. ಅಂಕಿ ಬಂತು. ಅದನ್ನು ನೋಡಿ ಅವರ ಮುಖ ಕೆಂಪಾಯಿತು. ಬಂಪರ್ ಹಾಕಿದ ಜೀಪು ಬಂಪರ್ ಇಲ್ಲದ ಜೀಪಿಗಿಂತ ಐವತ್ತು ಕಿಲೋದಷ್ಟು ಹಗುರ.

"ನೋಡ್ರಪಾ ಎಲ್ಲಾರೂ," ಎಂದು ಕಾಕಾ ದನಿ ಎತ್ತಿದರು. "ಕಬ್ಬಿಣ ಹಾಕಿದ ಮ್ಯಾಲ ಗಾಡಿ ಹಗುರ ಆಗೇತಿ. ಒಳಗಿಂದ ಏನೋ ತಗದಾನ ಈ ಮಿಸ್ತ್ರಿ."

ಜನ ಸೇರಿದರು. ಬಾನೆಟ್ಟು ಎತ್ತಿದರೆ ಇಂಜಿನ್ನು, ಬ್ಯಾಟರಿ ಎಲ್ಲ ಜಾಗದಲ್ಲೇ ಇದ್ದವು. "ಇಂಜಿನ್ನ ಹೊಟ್ಟ್ಯಾಗಿಂದ ತಗದಿರಬೇಕು," ಎಂದರು ಕಾಕಾ. ಡ್ರೈವರೊಬ್ಬ, "ಹೋದ ತಿಂಗಳ ನಮ್ಮ ಟ್ರಾಲೀನೂ ಇವ್ರ ಕಡೇನ ಬಿಟ್ಟಿದ್ನಲ್ಲ," ಎನ್ನುತ್ತ ಹೋಗಿ ತನ್ನ ಟ್ರಾಲಿಯ ಕೆಳಗೆ ಬಗ್ಗಿ ನೋಡತೊಡಗಿದ. ಅವನ ಹಿಂದೆ ಇನ್ನೊಬ್ಬ ಬಗ್ಗಿದ. ಮುಗಿಯಿತು, ಸಂಜೆಯೊಳಗೆ ಅಥಣಿಯ ತನಕ ನಾನು ಕಳ್ಳ ಎಂದುಕೊಂಡೆ. ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಕಾಕಾನ ಫೋನು ಬಡಿಯಿತು. ನಾಳೆ ಸಾಕ್ಷಿ ಬೇಕಾದೀತೆಂದು ಅವರು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವರು. ಮನೆಯಿಂದ ಅವರ ಹೆಂಡತಿ ಕಾಕುವಿನ ದನಿ ಕಾಟಾದ ತುಂಬ ಕೇಳಿಸಿತು.

"ಏನ್ರಿ, ಬೀಗರು ಬಂದಾರ. ಮಿಸ್ತ್ರಿ ಕದೀತಾನಂತ ಜೀಪಿನ ಹಿಂದಿನ ಸೀಟು, ಸ್ಟೆಪ್ನಿ, ಜಾಕು, ಸರಪಳಿ, ಎಲ್ಲಾ ಬಿಚ್ಚಿ ಪಡಸಾಲ್ಯಾಗ ಒಟ್ಟಿ ಹೋಗೀರಿ. ಕಾಲ ಇಡಾಕ ಜಾಗಾ ಇಲ್ಲ. ಬೀಗರನ್ನ ಜೀಪಿನ ಸೀಟಿನ ಮ್ಯಾಲ ಕುಂಡ್ರಿಸಿ, ಟೈರಿನ ಮ್ಯಾಲ ಚಾ ಇಟ್ಟೀನಿ. ಜಲ್ದಿ ಬರ್ರಿ."

ಮೊದಲು ತೂಗಿದ್ದು ಈ ಸಾಮಾನೆಲ್ಲ ಜೀಪಿನಲ್ಲಿದ್ದಾಗ. ತೂಗಿಸಿದ ಮೇಲೆ ಮನೆಗೆ ಒಯ್ದು ಎಲ್ಲವನ್ನೂ ಬಿಚ್ಚಿಟ್ಟು, ಮರುದಿನ ಬರೇ ಗಾಡಿ ನನಗೆ ತಂದುಕೊಟ್ಟಿದ್ದರು. ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಟ್ರಾಲಿಯ ಕೆಳಗೆ ಬಗ್ಗಿದವನು ಧೂಳು ಜಾಡಿಸಿಕೊಂಡು ಎದ್ದು ಬಂದ. ನಾನು ಅಲ್ಲಿಯೇ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದೆ.

ಕಾಕಾ ಫೋನು ಕಿಸೆಗೆ ಹಾಕಿಕೊಂಡರು. ಮೆಲ್ಲಗೆ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ ಕಿವಿಯಲ್ಲಿ ಹೇಳಿದರು:

"ಖರೇ ಹೇಳ್ರಿ ಮಿಸ್ತ್ರಿ. ಬರೋಬ್ಬರಿ ಇದ ಹೊತ್ತಿಗೆ ಫೋನ ಮಾಡಂತ ನನ್ನ ಹೆಂಡ್ತಿಗೆ ಯಾವಾಗ ಹೇಳಿಕೊಟ್ಟಿದ್ರಿ?"